ಡ್ರಮ್ಸ್ ಇಷ್ಟ ಅಂದ್ರೆ ಇದರಿಂದ ಶುರು ಮಾಡಿ

1970ರ ದಶಕದ ಒಂದು ರಾಕ್ ಆಲ್ಬಂ ಪೂರ್ತಿ ಕೇಳಬೇಕು, ಡ್ರಮ್ಸ್ ಜೋರಾಗಿರಬೇಕು ಅಂತ ಕೇಳಿದ್ದೀರಿ. ನನ್ನ ಓಟು ಲೆಡ್ ಜೆಪ್ಪೆಲಿನ್ ತಂಡದ 1971ರ ನಾಲ್ಕನೇ ಆಲ್ಬಂಗೆ. ಹೊದಿಕೆ ಮೇಲೆ ತಂಡದ ಹೆಸರೂ ಇಲ್ಲ, ಆಲ್ಬಂ ಹೆಸರೂ ಇಲ್ಲ. ಬೆನ್ನ ಮೇಲೆ ಸೌದೆ ಹೊತ್ತ ಮುದುಕನ ಚಿತ್ರವೇ ಗುರುತು.

ಈ ಆಲ್ಬಂ ಅಂದ್ರೆ ಎಲ್ಲರೂ ‘ಸ್ಟೇರ್‌ವೇ ಟು ಹೆವನ್’ ಅಂತಾರೆ. ಚೆನ್ನಾಗಿದೆ, ಇರಲಿ. ನೀವು ಮೊದಲು ಕೊನೆಯ ಹಾಡು ‘ವೆನ್ ದ ಲೆವಿ ಬ್ರೇಕ್ಸ್’ ಹಾಕಿ. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಬಂಗಲೆಯಲ್ಲಿ, ಮೆಟ್ಟಿಲ ಬುಡದಲ್ಲಿ ತಂಡದ ಡ್ರಮ್ಮರ್ ಜಾನ್ ಬೋನಮ್ ಅವರ ಡ್ರಮ್ಸ್ ಇಟ್ಟರು. ಮೈಕುಗಳನ್ನು ಮೇಲಿನ ಮಹಡಿಯಿಂದ ಇಳಿಬಿಟ್ಟರು. ಹಾಗಾಗಿ ಬರೀ ಡ್ರಮ್ಸ್ ಅಲ್ಲ, ಆ ಹಜಾರವೇ ಗುಡುಗುತ್ತದೆ. ಫೋನ್ ಸ್ಪೀಕರಲ್ಲಿ ಮಾತ್ರ ಕೇಳಬೇಡಿ, ಸುಮ್ನೆ ವೇಸ್ಟು. ಹಾಡು ಇವರ ಸ್ವಂತದ್ದೇನೂ ಅಲ್ಲ. 1927ರ ಮಿಸಿಸಿಪ್ಪಿ ಪ್ರವಾಹದ ಬಗ್ಗೆ ಮೆಂಫಿಸ್ ಮಿನಿ ಮತ್ತು ಕಾನ್ಸಾಸ್ ಜೋ ಮೆಕಾಯ್ 1929ರಲ್ಲೇ ಹಾಡಿದ್ದ ಬ್ಲೂಸ್, ಅಂದ್ರೆ ಅಮೆರಿಕದ ಕಪ್ಪು ಜನರ ಹಾಡಿನ ಶೈಲಿ. ಅದನ್ನೂ ಹುಡುಕಿ ಕೇಳಿ, ಎರಡೇ ಗಿಟಾರ್, ಡ್ರಮ್ಸೇ ಇಲ್ಲ!

ಆಮೇಲೆ ಡೀಪ್ ಪರ್ಪಲ್ ತಂಡದ ‘ಮಷೀನ್ ಹೆಡ್’, 1972. ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಇವರು ರೆಕಾರ್ಡ್ ಮಾಡಬೇಕಿದ್ದ ಕ್ಯಾಸಿನೋ ಬೆಂಕಿಗೆ ಸುಟ್ಟುಹೋಯಿತು. ಕೊನೆಗೆ ಖಾಲಿ ಬಿದ್ದಿದ್ದ ಹೋಟೆಲಿನ ಕಾರಿಡಾರಲ್ಲೇ ಬಾರಿಸಿದರು. ಇದರಲ್ಲಿ ‘ಪಿಕ್ಚರ್ಸ್ ಆಫ್ ಹೋಮ್’ ಬಿಡಬೇಡಿ. ಇಯಾನ್ ಪೇಸ್ ಡ್ರಮ್ಸಿಂದಲೇ ಶುರುವಾಗುತ್ತದೆ.