ಬಯಲು ನೋಡ್ಲಾಕ ಅಷ್ಟು ದೂರ ಹೋಗ್ಬೇಕೇನ್ರಿ?

ಪ್ರಶ್ನೆ: ಅಕ್ಕಾರಿಗೆ ನಮಸ್ಕಾರ. ನಾನು ರಿಟೈರ್ಡ್ ಪ್ರೈಮರಿ ಸ್ಕೂಲ್ ಮಾಸ್ತರ. ಮಗ ಕೆನಡಾದ ಮ್ಯಾನಿಟೋಬಾ ರಾಜ್ಯದಾಗ ಮಿನ್ನೆಡೋಸಾ ಅಂತ ಒಂದು ಸಣ್ಣ ಊರಾಗ ಇದ್ದಾನ, ಪಿಆರ್ (ಅಲ್ಲೇ ಖಾಯಂ ಇರೋ ಪರವಾನಗಿ) ಆಗ್ಯದ, ಈ ಸಲ ನೀವಿಬ್ರೂ ಬರ್ಲೇಬೇಕು ಅಂತ ಗಂಟು ಬಿದ್ದಾನ. ಕೇಳಿದ್ರ ಊರಾಗ ಮೂರು ಸಾವಿರ ಮಂದಿನೂ ಇಲ್ಲಂತ, ಸುತ್ತ ಹೊಲ, ಬಯಲು, ಒಂದು ಕೆರಿ, ಹತ್ರದಾಗ ಒಂದು ಪಾರ್ಕು, ಅಷ್ಟೇ. ಬಯಲು ನಮ್ಮಲ್ಲಿ ಇಲ್ಲೇನು, ಅದನ್ನ ನೋಡ್ಲಾಕ ಇಷ್ಟು ರೊಕ್ಕ ಹಾಕಿ ಹೋಗ್ಬೇಕಾ ಅಂತ ಮನ್ಯಾಕಿ ಕೇಳ್ತಾಳ. ಟೊರೊಂಟೊ, ನಯಾಗರಾ ಎಲ್ಲಾ ಆರಾಮ ನೋಡಿ, ಮಗನ ಊರಾಗ ಎರಡು ದಿನ ಇದ್ದು ಬಂದ್ರ ನಡೀತದೇನು? ಯಾವ ತಿಂಗಳು ಛಲೋ? ಆಕಿಗೆ ಮೊಣಕಾಲು ನೋವದ, ರೊಟ್ಟಿ ಇಲ್ದ ಊಟ ಸೇರಂಗಿಲ್ಲ.
– ಓದುಗರು, ಆಳಂದ

ಉತ್ತರ: ಮಾಸ್ತರ್ರ, ನಮಸ್ಕಾರ. ಲೆಕ್ಕ ಉಲ್ಟಾ ಮಾಡ್ರಿ. ನಯಾಗರಾಕ್ಕ ಎರಡು ದಿನ, ಮಗನ ಊರಾಗ ಎರಡು ತಿಂಗಳು. ನಯಾಗರಾ ಇಲ್ದಿದ್ರೂ ನಡೀತದ, ಯಾಕಂದ್ರ ಟೊರೊಂಟೊದಿಂದ ಮ್ಯಾನಿಟೋಬಾದ ರಾಜಧಾನಿ ವಿನ್ನಿಪೆಗ್ ಅಂದ್ರ ರಸ್ತೆ ಮ್ಯಾಲ ಎರಡು ಸಾವಿರ ಕಿಲೋಮೀಟರ್ ಮ್ಯಾಲ ಆಗ್ತದ, ಮತ್ತೊಂದು ವಿಮಾನ ಹತ್ಬೇಕು, ಮೊಣಕಾಲು ನೋವಿದ್ದವ್ರನ್ನ ಕರ್ಕೊಂಡು ಏರ್‌ಪೋರ್ಟ್ ಏರ್‌ಪೋರ್ಟ್ ತಿರುಗೋದು ನನಗ ಸರಿ ಕಾಣಂಗಿಲ್ಲ. ನಮ್ಮ ಮಗಳು ಬ್ರಾಂಡನ್‌ದಾಗ ಇರ್ತಾಳ, ಮಿನ್ನೆಡೋಸಾದಿಂದ 50 ಕಿ.ಮೀ ದಕ್ಷಿಣಕ್ಕ. ಎರಡು ಬ್ಯಾಸಗಿ ನಾನು ಅಲ್ಲೇ ಕಳ್ದೀನಿ, ನಿಮ್ಮ ಮಗನ ಊರಿಗೆ ಎಷ್ಟು ಸಲ ಹೋಗೀನೋ ಲೆಕ್ಕ ಇಲ್ಲ, ಹಂಗಾಗಿ ಕಣ್ಣಾರೆ ಕಂಡದ್ದೇ ಬರೀಲಾಕತ್ತೀನಿ.

ನಿಮ್ಮ ಮನ್ಯಾಗಿನವ್ರು ಕೇಳಿದ್ದು ಖರೇನೇ ಅದ, ಬಯಲು ನಮ್ಮಲ್ಲೂ ಅದ. ಅದಕ್ಕೇ ನೀವು ಹೋಗ್ಬೇಕು ಅಂತೀನಿ. ಬೆಂಗಳೂರಿನವ್ರು ಅಲ್ಲಿ ಹೋಗಿ ಏನೂ ಇಲ್ಲ ಏನೂ ಇಲ್ಲ ಅಂತಾರ, ಆಳಂದದವ್ರು ಕಾರಿನಿಂದ ಇಳೀತಿದ್ದಂಗ ಮೊದಲು ಬಗ್ಗಿ ಮಣ್ಣು ಮುಟ್ಟಿ ನೋಡ್ತಾರ. ನಾನೂ ಹಂಗೇ ಮಾಡ್ದೆ. ಕರಿ ಮಣ್ಣು, ಥೇಟ್ ನಮ್ಮ ಎರಿ ಹೊಲದಂಗ! ಆದ್ರ ಕರಿ ಆದ ಕಾರಣ ಬ್ಯಾರೆ. ನಮ್ಮದು ದಖ್ಖನ್ನಿನ ಕರಿಕಲ್ಲು ಸಾವಿರಾರು ವರ್ಷ ಸವೆದು ಆದ ಮಣ್ಣು, ಬಿಸಲಿಗೆ ಬಿರಿತದ, ಮಳೆಗೆ ಕಾಲು ಹಿಡಿತದ. ಅವರದು ಹುಲ್ಲಿನ ಬೇರು ಸತ್ತು ಕೊಳೆತು, ಮತ್ತ ಹುಲ್ಲು ಬೆಳ್ದು ಮತ್ತ ಕೊಳೆತು ಹಂಗ ಕರಿ ಆದದ್ದು. ಮಿನ್ನೆಡೋಸಾದ ಪಶ್ಚಿಮಕ್ಕ ನ್ಯೂಡೇಲ್ ಅಂತ ಒಂದು ಸಣ್ಣ ಊರು, ಆ ಊರಿನ ಹೆಸರಿಟ್ಟ ಮಣ್ಣೇ ಇಡೀ ಮ್ಯಾನಿಟೋಬಾದ ರಾಜ್ಯ ಮಣ್ಣು. ರಾಜ್ಯಕ್ಕ ಹಕ್ಕಿ, ಹೂವು ಇರ್ತಾವಲ್ಲ, ಹಂಗ ಮಣ್ಣೂ ಅದ ಅವ್ರಿಗೆ. ಇದು ಕೇಳಿ ನನಗ ಭಾಳ ಖುಷಿ ಆಗಿತ್ತು, ನಮ್ಮ ಎರಿ ಮಣ್ಣಿಗೂ ಹಂಗೊಂದು ಮರ್ಯಾದಿ ಸಿಗ್ಬೇಕು ಅನಿಸ್ತು.

ಇನ್ನೊಂದು, ಅಲ್ಲಿಯ ಬಯಲು ನಮ್ಮಂಗ ಸಪಾಟು ಅಲ್ಲ, ಹೊಲದ ನಡುವ ಅಲ್ಲೊಂದು ಇಲ್ಲೊಂದು ಸಣ್ಣ ಸಣ್ಣ ಹೊಂಡ ಇರ್ತಾವ, ಅರ್ಧ ಎಕರೆದು, ಒಂದು ಎಕರೆದು, ಸುತ್ತ ಜೊಂಡು ಬೆಳ್ದಿರ್ತದ. ಹಿಮಯುಗದ ಬರ್ಫದ ಗಡ್ಡಿ ಹತ್ತು ಹನ್ನೆರಡು ಸಾವಿರ ವರ್ಷದ ಹಿಂದ ಕರಗಿ ಹೋಗೋವಾಗ ಬಿಟ್ಟುಹೋದ ತಗ್ಗು ಅವು. ಉತ್ತರ ಅಮೆರಿಕದ ಬಾತುಕೋಳಿಯೊಳಗ ಅರ್ಧಕ್ಕಿಂತ ಜಾಸ್ತಿ ಇಂಥ ಹೊಂಡದ ಸೀಮೆದಾಗೇ ಮರಿ ಮಾಡ್ತಾವಂತ ಹೇಳ್ತಾರ, ಮಿನ್ನೆಡೋಸಾ ಸುತ್ತಿನ ಹೊಂಡ ಅದಕ್ಕೇ ಹೆಸರಾಗ್ಯಾವ. ಜೂನ್ ತಿಂಗಳು ಸಂಜಿ ಮುಂದ ಮಗನಿಗೆ ಹೇಳಿ ಹೊಲದ ದಾರಿ ಬದಿಗೆ ಕಾರು ನಿಲ್ಲಿಸ್ರಿ, ಇಂಜಿನ್ ಬಂದ್ ಮಾಡ್ರಿ, ಸುಮ್ನ ಕುಂದರ್ರಿ, ತಾಯಿ ಬಾತು ಮುಂದ, ಏಳೆಂಟು ಮರಿ ಹಿಂದ ಸಾಲು ಹಿಡ್ದು ಬರ್ತಾವ, ಅದು ನೋಡ್ಲಾಕ ಟಿಕೆಟ್ ಇಲ್ಲ, ಲೈನ್ ಇಲ್ಲ, ಮೆಟ್ಟಿಲು ಹತ್ತೋದಿಲ್ಲ. ನಮ್ಮಲ್ಲಿ ಕೆರಿ ಒತ್ತುವರಿ ಆದಂಗ ಅಲ್ಲೂ ಎಷ್ಟೋ ಹೊಂಡದ ನೀರು ಬಸಿದು ಗೋಧಿ ಬಿತ್ತ್ಯಾರ, ಉಳಿದದ್ದು ಉಳಿಸ್ಬೇಕಂತ ಈಗ ಭಾಳ ಮಂದಿ ಕಷ್ಟಪಡ್ತಾರ.

ಊರು ಬಗ್ಗೆ ಹೇಳ್ತೀನಿ. ದಕ್ಷಿಣದಿಂದ ಹೋಗೋವಾಗ ಹೊಲ, ಹೊಲ, ಮತ್ತ ಹೊಲ, ಊರೆಲ್ಲಿ ಅದ ಅನ್ನೋದ್ರೊಳಗ ರಸ್ತೆ ಒಮ್ಮೆಲೆ ಕೆಳಗ ಇಳಿತದ, ನದಿ ಕಣಿವ್ಯಾಗ ಗಿಡಮರದ ನಡುವ ಊರು ಕಾಣ್ತದ. ನದಿಗೆ ಡ್ಯಾಮ್ ಕಟ್ಟಿ ಮಾಡಿದ ಕೆರಿ ಅದ, ದಂಡಿ ಮ್ಯಾಲ ಉಸುಕು, ಕುಂದ್ರಲಾಕ ಬೆಂಚು, ಮಕ್ಕಳು ಈಜ್ತಿರ್ತಾವ. 1999ರ ಪ್ಯಾನ್ ಅಮೆರಿಕನ್ ಗೇಮ್ಸ್ ವಿನ್ನಿಪೆಗ್‌ದಾಗ ಆದಾಗ ದೋಣಿ ಪಂದ್ಯ ನಡೆದದ್ದು ಇದೇ ಕೆರ್‍ಯಾಗ. ಜೂನ್ ಕೊನಿಗೆ ಹೊತ್ತು ಮುಳುಗೋದು ರಾತ್ರಿ ಹತ್ತರ ಹತ್ರ, ಊಟ ಮುಗಿಸಿ ಕೆರಿ ದಂಡಿಗೆ ಹೋದ್ರೂ ಇನ್ನ ಬೆಳಕಿರ್ತದ. ಮೊದಲ ವಾರ ನಿದ್ದಿ ಬರಂಗಿಲ್ಲ, ದಪ್ಪ ಪರದಾ ಹಾಕ್ಸಿಕೊಳ್ರಿ.

ಪಾರ್ಕು ಅಂತ ನೀವು ಬರೆದದ್ದು ಸಣ್ಣ ಗಾರ್ಡನ್ ಅಲ್ರಿ. ರೈಡಿಂಗ್ ಮೌಂಟೇನ್ ನ್ಯಾಷನಲ್ ಪಾರ್ಕ್, ಸುಮಾರು 3,000 ಚದರ ಕಿ.ಮೀ ಕಾಡು, ಮಿನ್ನೆಡೋಸಾದಿಂದ ಉತ್ತರಕ್ಕ 50 ಕಿ.ಮೀ ಹಂತ್ಯಾಗ. ಒಳಗ ಕ್ಲಿಯರ್ ಲೇಕ್ ಅಂತ ದೊಡ್ಡ ಕೆರಿ, ಹೆಸರಿನಂಗ ತಿಳಿ ನೀರು, ದಂಡಿ ಮ್ಯಾಲ ವಾಸಗಾಮಿಂಗ್ ಅಂತ ಬ್ಯಾಸಗಿ ಊರು, ಅಲ್ಲಿ ಐಸ್‌ಕ್ರೀಮ್ ಅಂಗಡಿ, ಕಟ್ಟಿಗಿ ಮನಿ, ಎಲ್ಲಾ ಅದಾವ. ಮೊಣಕಾಲು ನೋವಿಗೆ ಅಂತ ನಾನು ಹೇಳೋದು ಒಮಿನಿಕ್ ಮಾರ್ಷ್, ಜೌಗು ನೀರಿನ ಮ್ಯಾಲ ಹಲಿಗಿ ಹಾಸಿ ಮಾಡಿದ ದಾರಿ, ಏರಿಲ್ಲ ಇಳಿವಿಲ್ಲ, ಸುತ್ತು ಹಾಕಿದ್ರ ಎರಡು ಕಿ.ಮೀ ಒಳಗ. ಪೂರಾ ಆಗ್ಲಿಲ್ಲಂದ್ರ ಅರ್ಧದಿಂದ ವಾಪಸ್ ಬರ್ರಿ. ಆಮೇಲೆ ಲೇಕ್ ಆಡಿ ಅನ್ನೋಕಡಿ ಬೈಸನ್, ಅಂದ್ರ ಅಲ್ಲಿಯ ಕಾಡೆಮ್ಮಿ, ಬೇಲಿ ಒಳಗ ದೊಡ್ಡ ಹುಲ್ಲುಗಾವಲದಾಗ ಇರ್ತಾವ, ಕಾರಿನಾಗೇ ಕುಂತು ನೋಡ್ಬೇಕು, ಇಳೀಬಾರ್ದು, ಫೋಟೋ ಸಲುವಾಗಿ ಕೂಡ ಇಳೀಬಾರ್ದು. ಒಂದು ಕಾಲಕ್ಕ ಈ ಬಯಲಾಗ ಲಕ್ಷ ಲಕ್ಷ ಇದ್ದ ಪ್ರಾಣಿ, 1880ರ ಸುಮಾರಿಗೆ ಬೇಟಿ ಆಡಿ ಆಡಿ ಕೆಲವೇ ನೂರಕ್ಕ ಬಂದು ನಿಂತಿತ್ತು. ನಮ್ಮ ಎಮ್ಮಿ ನೋಡ್ದ ಕಣ್ಣಿಗೆ ಅದರ ಹೆಗಲು ನೋಡಿ ಉಸಿರು ನಿಲ್ತದ.

ಈ ಪಾರ್ಕಿನ ಒಂದು ಸಂಗ್ತಿ ಕೈಪಿಡ್ಯಾಗ ದೊಡ್ಡ ಅಕ್ಷರದಾಗ ಇರಂಗಿಲ್ಲ, ಅದನ್ನ ಹೇಳ್ಲಾರ್ದ ಬಿಡ್ಲಾಕ ನನ್ನ ಮನಸ್ಸು ಒಪ್ಪಂಗಿಲ್ಲ. ಕ್ಲಿಯರ್ ಲೇಕ್ ದಂಡಿ ಮ್ಯಾಲ ಕಿಸೀಕೂವೆನಿನ್ ಅನ್ನೋ ಒಜಿಬ್ವೆ ಮೂಲನಿವಾಸಿಗಳು ಮೀನು ಹಿಡ್ಕೊಂಡು ಇದ್ರು. ಪಾರ್ಕ್ ಆದ ಮ್ಯಾಲ, 1936ರಾಗ ಅವ್ರನ್ನ ಹೊರಗ ಹಾಕಿ ಮನಿಗೆ ಬೆಂಕಿ ಹಚ್ಚಿದ್ರು. ಎಷ್ಟೋ ವರ್ಷದ ಮ್ಯಾಲ ಆ ಜಾಗ ಅವ್ರಿಗೆ ವಾಪಸ್ ಬಂತು. ಡ್ಯಾಮಿನಾಗ ಮುಳುಗಿದ ಊರಿನವ್ರು ನಮ್ಮ ಜಿಲ್ಲಾದಾಗೂ ಅದಾರ, ಆ ದಂಡಿ ಮ್ಯಾಲ ಕುಂತಾಗ ನನಗ ಅವ್ರೇ ನೆನಪಾದ್ರು.

ಯಾವ ತಿಂಗಳು ಅಂದ್ರಿ. ಜೂನ್ ನಡುವಿನಿಂದ ಆಗಸ್ಟ್ ಕೊನಿತನಕ. ಹಗಲು 23-25 ಡಿಗ್ರಿ, ರಾತ್ರಿ ಹತ್ತು ಡಿಗ್ರಿ ಹತ್ರ ಇಳಿತದ, ನಮ್ಮ 42 ಡಿಗ್ರಿಯಿಂದ ಹೋದವ್ರಿಗೆ ಜುಲೈದಾಗೂ ಸ್ವೆಟರ್ ಬೇಕು. ಜುಲೈದಾಗ ಕನೋಲಾ ಅನ್ನೋ ಸಾಸಿವಿ ಜಾತಿ ಎಣ್ಣಿಕಾಳಿನ ಬೆಳಿ ಹೂವು ಬಿಡ್ತದ, ಕಣ್ಣು ಹಾಯೋತನಕ ಹಳದಿ. ಆದ್ರ ಜೂನ್‌ದಾಗ ಸೊಳ್ಳಿ ಮತ್ತ ಉಣ್ಣಿ ಕಾಟ ಭಾಳ ಅದ, ಖರೇ ಹೇಳ್ತೀನಿ. ಹುಲ್ಲಿನಾಗ ಹೋದ್ರ ಸಾಕ್ಸು ಪ್ಯಾಂಟಿನ ಮ್ಯಾಲ ಎಳಕೊಳ್ರಿ, ಸೀರಿ ಉಟ್ರ ಹಲಿಗಿ ದಾರಿ ಮ್ಯಾಲಷ್ಟೇ ನಡೀರಿ, ಮನಿಗೆ ಬಂದು ಮೊಣಕಾಲು ಹಿಂದ, ಕಂಕುಳದಾಗ, ತಲಿಕೂದಲದಾಗ ಉಣ್ಣಿ ಅದೇನು ನೋಡ್ಕೊಳ್ರಿ, ಕಪ್ಪುಕಾಲಿನ ಉಣ್ಣಿ ಕಚ್ಚಿದ್ರ ಲೈಮ್ ಅನ್ನೋ ಜಡ್ಡು ಬರಬಹುದು. ದೋಣಿ ಹತ್ಬೇಕು ಅನಿಸಿದ್ರ ಮೊದಲು ಪಾರ್ಕ್ ಆಫೀಸಿನಾಗ ಕೇಳ್ರಿ, 2023ರಾಗ ಕ್ಲಿಯರ್ ಲೇಕ್‌ದಾಗ ಜೀಬ್ರಾ ಮಸ್ಸೆಲ್ ಅನ್ನೋ ಪರದೇಶಿ ಚಿಪ್ಪುಹುಳ ಸಿಕ್ಕದ್ದಕ್ಕ ದೋಣಿ ರೂಲ್ಸ್ ಬಿಗಿ ಮಾಡ್ಯಾರ.

ವೀಸಾ ವಿಷಯ: ಮಗನಿಗೆ ಪಿಆರ್ ಇದ್ದದ್ದಕ್ಕ ಸೂಪರ್ ವೀಸಾ ಅಂತ ಅಪ್ಪ ಅವ್ವನ ಸಲುವಾಗಿ ಇರೋ ವೀಸಾಕ್ಕ ಹಾಕ್ಬಹುದು, ಒಂದು ಸಲ ಹೋದ್ರ 5 ವರ್ಷತನಕ ಇರ್ಬಹುದು, ಆದ್ರ ಮಗನ ಆದಾಯ ತೋರ್ಸಬೇಕು, ಕಮ್ಮಿ ಅಂದ್ರ ಒಂದು ಲಕ್ಷ ಕೆನಡಾ ಡಾಲರಿನ ಮೆಡಿಕಲ್ ಇನ್ಶೂರೆನ್ಸ್ ಒಂದು ವರ್ಷಕ್ಕ ಬೇಕು. ಸಾದಾ ವಿಸಿಟರ್ ವೀಸಾ ಆದ್ರ ಆರು ತಿಂಗಳು. ಯಾವುದಕ್ಕ ಹಾಕಿದ್ರೂ ಇನ್ಶೂರೆನ್ಸ್ ಇಲ್ದ ಹೋಗಬ್ಯಾಡ್ರಿ, ಅಲ್ಲಿ ವಿಸಿಟರ್‌ಗೆ ಸರ್ಕಾರಿ ದವಾಖಾನಿ ಫುಕಟ್ ಅಲ್ಲ. ಬೆರಳಚ್ಚು ಕೊಡ್ಲಾಕ ಬೆಂಗಳೂರಿಗೆ ಹೋಗಬೇಕಿಲ್ಲ, ಹೈದರಾಬಾದ್‌ದಾಗ ಸೆಂಟರ್ ಅದ, ನಿಮಗ ಅದೇ ಸಮೀಪ, ವಿಮಾನಕ್ಕೂ ಅಲ್ಲಿಂದಲೇ ಹೋಗ್ರಿ. ಗುಳಿಗಿ ಎಲ್ಲಾ ಡಾಕ್ಟರ್ ಚೀಟಿ ಸಮೇತ ಕೈಚೀಲದಾಗ ಇಟ್ಕೊಳ್ರಿ. ಟಿಕೆಟ್ ಮಾಡೋವಾಗ್ಲೇ ವೀಲ್‌ಚೇರ್ ಕೇಳ್ರಿ, ನಾಚ್ಕೋಬ್ಯಾಡ್ರಿ.

ರೊಟ್ಟಿ. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ ಡಬ್ಬಿ ತುಂಬಿ ಒಯ್ರಿ, ಏರ್‌ಪೋರ್ಟಿನಾಗ ಕೇಳಿದ್ರ ತಿನ್ನೋ ಸಾಮಾನು ಅದ ಅಂತ ಖರೇ ಹೇಳ್ರಿ, ಮುಚ್ಚಿಡಬ್ಯಾಡ್ರಿ. ಬಿತ್ತೋ ಬೀಜ, ಹಸಿ ಹಣ್ಣು ಒಯ್ಯಬ್ಯಾಡ್ರಿ. ಬ್ಯಾಳಿ ಚಿಂತಿ ಇಲ್ಲ, ಪಕ್ಕದ ಸಸ್ಕ್ಯಾಚೆವಾನ್ ರಾಜ್ಯದಿಂದ ಜಗತ್ತಿಗೆಲ್ಲಾ ಮಸೂರ ಬ್ಯಾಳಿ ಹೋಗ್ತದ. ಹಳದಿ ಬಟಾಣಿನೂ ಅಲ್ಲಿಂದ ಬರ್ತದ. 2023ರ ಡಿಸೆಂಬರ್‌ದಾಗ ನಮ್ಮ ಸರ್ಕಾರ ಸುಂಕ ತೆಗೆದ ಮ್ಯಾಲ ಅದು ಬಂದು ನಮ್ಮ ತೊಗರಿ ದರ ಹೊಡೀತದ ಅಂತ ನಮ್ಮ ರೈತರು ಕೂಗಿದ್ದು ನಿಮಗೂ ಗೊತ್ತದ. 2019ರಾಗ ಜಿಐ (ಭೌಗೋಳಿಕ ಗುರುತು) ಸಿಕ್ಕ ನಮ್ಮ ತೊಗರಿಬ್ಯಾಳಿ ಎರಡು ಕಿಲೋ ನಾನು ಒಯ್ದಿದ್ದೆ, ಅಲ್ಲಿ ಒಬ್ಬ ರೈತನ ಮನ್ಯಾಗ ಸಾರು ಮಾಡಿ ಹಾಕ್ದೆ, ಅವ ಎರಡು ಸಲ ಕೇಳಿ ಉಂಡ. ಅವನೂ ದರ ಇಲ್ಲ, ಮಳಿ ಇಲ್ಲ ಅಂತಲೇ ಮಾತಾಡ್ದ. ಇಂಥ ಒಬ್ಬ ರೈತನ್ನ ನೀವೂ ಮಗನ ಕಡಿಂದ ಪರಿಚಯ ಮಾಡ್ಕೊಳ್ರಿ ಮಾಸ್ತರ್ರ, ನಯಾಗರಾದಾಗ ಅದು ಸಿಗಂಗಿಲ್ಲ.

ಪ್ರಶ್ನೆ: ಅಕ್ಕಾ, ನಾನೂ ಮ್ಯಾನಿಟೋಬಾದ ಇಂಥದೇ ಒಂದು ಬಯಲು ಊರಾಗ ಇದ್ದೀನಿ, ತವರು ಭಾಲ್ಕಿ. ಅಪ್ಪ ಅವ್ವ ಬಂದ್ರ ಹತ್ತು ದಿನಕ್ಕೇ ಬ್ಯಾಸರ ಮಾಡ್ಕೊಂಡು ವಾಪಸ್ ಕಳಿಸು ಅಂತಾರ. ನಾವಿಬ್ರೂ ಡ್ಯೂಟಿಗೆ ಹೋಗ್ತೀವಿ. ಏನು ಮಾಡ್ಲಿ?
– ಒಬ್ಬ ಮಗಳು

ಉತ್ತರ: ತಂಗಿ, ಅಲ್ಲಿ ಸಿಟಿ ಬಸ್ಸಿಲ್ಲ, ಕಾರು ಹೊಡೀಲಾಕ ಬರಂಗಿಲ್ಲ, ಮನ್ಯಾಗ ಕೂಡಿ ಹಾಕಿದಂಗ ಆಗ್ತದ, ಅದು ಅವ್ರ ತಪ್ಪಲ್ಲ ನಿನ್ನ ತಪ್ಪೂ ಅಲ್ಲ. ಅವ್ವನ ಕೈಗೆ ಒಂದು ಮಡಿ ಮಣ್ಣು ಕೊಡು. ಅಲ್ಲಿ ಮೇ ಮೂರನೇ ವಾರದ ರಜಾ ಆದ ಮ್ಯಾಲೇ ಬಿತ್ತತಾರ, ಅದಕ್ಕಿಂತ ಮೊದಲು ಹಾಕಿದ್ರ ಇಬ್ಬನಿ ಹೆಪ್ಪುಗಟ್ಟಿ ಸಸಿ ಸಾಯಬಹುದು. ಮೆಂತ್ಯ, ಕೊತ್ತಂಬರಿ, ಮೂಲಂಗಿ, ಬೀಜ ಅಲ್ಲೇ ಅಂಗಡ್ಯಾಗ ತಗೋ. ಹಗಲು ಉದ್ದ ಇರೋದಕ್ಕ ಲಗೂನ ಬರ್ತಾವ, ಅವ್ವ ದಿನಾ ಎದ್ದು ಅದನ್ನೇ ನೋಡ್ಲಾಕ ಹೋಗ್ತಾಳ. ಅಪ್ಪಗ ಲೈಬ್ರರಿ ದಾರಿ, ಪೋಸ್ಟ್ ಆಫೀಸ್ ದಾರಿ ಎರಡು ದಿನ ಸಂಗಡ ನಡ್ದು ತೋರ್ಸು, ಮೂರನೇ ದಿನ ಒಬ್ರೇ ಹೋಗ್ತಾರ. ಊರಿಗೆ ಫೋನ್ ಮಾಡೋ ಹೊತ್ತು ಗೊತ್ತು ಮಾಡಿಡು, ಮ್ಯಾನಿಟೋಬಾ ಬ್ಯಾಸಗ್ಯಾಗ ನಮಗಿಂತ ಹತ್ತೂವರೆ ತಾಸು ಹಿಂದ, ಅಲ್ಲಿ ರಾತ್ರಿ 8 ಅಂದ್ರ ಭಾಲ್ಕ್ಯಾಗ ಮರುದಿನ ಬೆಳಿಗ್ಗೆ ಆರೂವರೆ, ಅವ್ರ ಓಣಿ ಮಂದಿ ಚಹಾ ಕುಡಿಯೋ ಟೈಮು.

ಪ್ರಶ್ನೆ: ಮೇಡಂ, ಕೆನಡಾ ನಮ್ಮ ಕೈಗೆ ಎಟುಕಂಗಿಲ್ಲ. ನಮ್ಮ ಕಡಿ ಬಯಲು, ಕೆರಿ, ಕಾಡು ಎಲ್ಲಾ ಒಂದೇ ಕಡಿ ನೋಡಬೇಕಂದ್ರ ಎಲ್ಲಿ ಹೋಗ್ಲಿ?
– ಕಾಲೇಜ್ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಎರಡು ಕಡಿ ಹೋಗವ್ವ. ಮಳಿ ನಿಂತ ಮ್ಯಾಲ ಚಿಂಚೋಳಿ, ಚಂದ್ರಂಪಳ್ಳಿ ಡ್ಯಾಮು, ಸುತ್ತ 2011ರಾಗ ವನ್ಯಜೀವಿ ಧಾಮ ಅಂತ ಘೋಷಣೆ ಆದ ಕಾಡು, ನಮ್ಮ ಬಿಸಲು ನಾಡಿನಾಗ ಇಷ್ಟು ಹಸಿರು ಅದ ಅಂತ ನಂಬ್ಲಾಕ ಆಗಂಗಿಲ್ಲ. ಚಳಿಗಾಲಕ್ಕ ನಿಮ್ಮ ಜಿಲ್ಲಾದ್ದೇ ಬೋನಾಳ, ಸುರಪುರದ ಹತ್ರ, ಅಲ್ಲಿಯ ಅರಸರು 17ನೇ ಶತಮಾನದಾಗ ಕಟ್ಟಿಸಿದ ಕೆರಿ. ಹಿಮಾಲಯ ದಾಟಿ ಬರೋ ಪಟ್ಟೆತಲೆ ಹೆಬ್ಬಾತು ಅಲ್ಲಿ ಇಳಿತಾವ. ಮಾಸ್ತರ್ರಿಗೆ ಮ್ಯಾಲ ಬರೆದ ಬಾತಿನ ಸಂಬಂಧಿಕರೇ ಅಂತ ತಿಳ್ಕೋ. ಡಿಸೆಂಬರ್, ಜನವರಿದಾಗ ಬೆಳಿಗ್ಗೆ ಏಳರೊಳಗ ಕೆರಿ ಒಡ್ಡಿನ ಮ್ಯಾಲ ಇರು, ಹೊತ್ತು ಬೆನ್ನ ಹಿಂದ ಬರೋಹಂಗ ನಿಲ್ಲು, ಕಡಕ್ ಬಣ್ಣದ ಬಟ್ಟಿ ಬ್ಯಾಡ, ಮೊಬೈಲ್ ಸೌಂಡ್ ಬಂದ್ ಮಾಡು. ಬೈನಾಕ್ಯುಲರ್ ಇಲ್ದಿದ್ರ ಕಾಲೇಜಿನ ಝೂವಾಲಜಿ ಡಿಪಾರ್ಟ್‌ಮೆಂಟಿನಾಗ ಕೇಳಿ ನೋಡು. ಬುತ್ತಿ ಕಟ್ಗೊಂಡು ಹೋಗು, ಕೆರಿ ಹತ್ರ ಹೋಟೆಲ್ ಸಿಗ್ತದ ಅಂತ ನಂಬಿ ಕುಂದ್ರಬ್ಯಾಡ.