‘ತೂಕ ಇಳಿಸ್ಕೊಂಡು ಬಾ’ ಅಂದರು, ಮತ್ತೆ ಹೋಗಲೇ ಇಲ್ಲ

ಪ್ರಶ್ನೆ: ಮೇಡಂ, ನನಗೆ 24 ವರ್ಷ. ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಅಕೌಂಟ್ಸ್ ನೋಡುತ್ತೇನೆ, ಗದಗದಿಂದ ದಿನಾ ಟ್ರೇನಿನಲ್ಲಿ ಓಡಾಟ. ಎತ್ತರ 5 ಅಡಿ 2 ಇಂಚು, ತೂಕ 74 ಕೆಜಿ. ಎರಡು ವರ್ಷದಿಂದ ಮುಟ್ಟು ಮೂರು ತಿಂಗಳಿಗೋ ನಾಲ್ಕು ತಿಂಗಳಿಗೋ ಒಮ್ಮೆ ಬರುತ್ತದೆ. ಗದ್ದದ ಮೇಲೆ ಕೂದಲು. ಸ್ಕ್ಯಾನ್ ಮಾಡಿಸಿದಾಗ ಪಿಸಿಒಡಿ, ಅಂದರೆ ಅಂಡಾಶಯದ ತೊಂದರೆ ಅಂದರು. ‘ಮೊದಲು 15 ಕೆಜಿ ಇಳಿಸ್ಕೊಂಡು ಬಾ, ಆಮೇಲೆ ನೋಡೋಣ’ ಎಂದು ಡಾಕ್ಟರು ಕಳಿಸಿಬಿಟ್ಟರು. ಅದಾಗಿ 14 ತಿಂಗಳಾಯಿತು. ರಾತ್ರಿ ಊಟ ಬಿಟ್ಟೆ. 2 ಕೆಜಿ ಇಳಿಯಿತು, ಆಮೇಲೆ 3 ಕೆಜಿ ಏರಿತು. ಈಗ ಅಲ್ಲಿಗೆ ಹೋಗಲು ಮುಖವಿಲ್ಲ. ಕುತ್ತಿಗೆ ಕಪ್ಪಾಗಿದೆ ಅಂತ ಅವ್ವ ಕಡಲೆಹಿಟ್ಟು ಹಚ್ಚಿ ತಿಕ್ಕುತ್ತಾಳೆ. ನಮ್ಮ ದೊಡ್ಡವ್ವನ ಮಗಳು ಕಡ್ಡಿಯ ಹಾಗಿದ್ದಾಳೆ, ಅವಳಿಗೂ ಪಿಸಿಒಡಿ. ಹಾಗಾದರೆ ಇದು ದಪ್ಪ ಇರೋದರಿಂದ ಬಂದದ್ದು ಹೌದಾ, ಅಲ್ವಾ? ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. ಮುಂದೆ ಮಕ್ಕಳಾಗುತ್ತವಾ?
– ಹೆಸರು ಬೇಡ, ಗದಗ

ಉತ್ತರ: ನನ್ನ ಮಗಳ ವಯಸ್ಸಿನವಳು, ನೀನು ಅಂತಲೇ ಬರೆಯುತ್ತೇನೆ. ಈ ವಾರವೇ ಡಾಕ್ಟರ ಹತ್ತಿರ ಹೋಗು. ಈಗಿರುವ ತೂಕದಲ್ಲೇ ಹೋಗು. ಅಲ್ಲಿಗೇ ಹೋಗಲು ಮನಸ್ಸಿಲ್ಲದಿದ್ದರೆ ಬೇರೆ ಕಡೆ ತೋರಿಸು, ಆದರೆ ಇನ್ನು ಒಂದು ತಿಂಗಳೂ ಕಾಯಬೇಡ.

‘ತೂಕ ಇಳಿಸ್ಕೊಂಡು ಬಾ’ ಎಂಬ ಮಾತನ್ನು ನಾನೂ ಒಮ್ಮೆ ಹೇಳಿದ್ದೇನೆ. ಹುಬ್ಬಳ್ಳಿಯಲ್ಲಿ ಆಗಷ್ಟೇ ಪ್ರಾಕ್ಟೀಸ್ ಶುರು ಮಾಡಿದ್ದೆ. ಕುಂದಗೋಳ ಕಡೆಯ ಹುಡುಗಿ, ಶಾಲೆಯಲ್ಲಿ ಕಲಿಸುತ್ತಿದ್ದಳು. ‘10 ಕೆಜಿ ಇಳಿಸಿ ಬನ್ನಿ’ ಎಂದೆ. ಒಂದು ಗುಳಿಗೆಯನ್ನೂ ಬರೆದುಕೊಡಲಿಲ್ಲ. ಮೂರು ವರ್ಷ ಬಿಟ್ಟು ಬಂದಳು. ಇಪ್ಪತ್ತು ದಿನದಿಂದ ರಕ್ತ ಹೋಗುತ್ತಿತ್ತು, ಹಿಮೋಗ್ಲೋಬಿನ್ 6ಕ್ಕೆ ಇಳಿದಿತ್ತು. ಯಾಕವ್ವಾ ಮೊದಲೇ ಬರಲಿಲ್ಲ ಎಂದು ಕೇಳಿದೆ. ‘ತೂಕ ಇಳಿದಿರಲಿಲ್ಲರೀ’ ಅಂದಳು. ನನಗೆ ಮಾತು ಹೊರಡಲಿಲ್ಲ. ಅವತ್ತಿನಿಂದ ಯಾರನ್ನೂ ತೂಕದ ಷರತ್ತು ಹಾಕಿ ವಾಪಸ್ ಕಳಿಸಿಲ್ಲ.

ಮುಟ್ಟು ಬರದಿದ್ದರೆ ಗರ್ಭಕೋಶದ ಒಳಪದರ ಉದುರುವುದಿಲ್ಲ, ದಪ್ಪವಾಗುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಆ ಪದರಕ್ಕೆ ಕ್ಯಾನ್ಸರ್ ತಗಲುವ ಅಪಾಯವೂ ಹೆಚ್ಚು. ಅದಕ್ಕೇ 90 ದಿನ ದಾಟಿತು ಅಂದರೆ ಪ್ರೊಜೆಸ್ಟರಾನ್ ಗುಳಿಗೆ ಕೊಟ್ಟು ಮುಟ್ಟು ತರಿಸುತ್ತೇವೆ. ಅದು ತೂಕ 74 ಇದ್ದಾಗಲೂ ಕೆಲಸ ಮಾಡುತ್ತದೆ. ಥೈರಾಯ್ಡ್, ಪ್ರೊಲ್ಯಾಕ್ಟಿನ್, ಬಿಪಿ, ಕೊಲೆಸ್ಟ್ರಾಲ್ ನೋಡಿಸು. ಸಕ್ಕರೆ ಪರೀಕ್ಷೆಯನ್ನು 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ರೀತಿಯಲ್ಲೇ ಮಾಡಿಸು. ಬರೀ ಖಾಲಿ ಹೊಟ್ಟೆಯ ಸಕ್ಕರೆ ನೋಡಿದರೆ ಕೆಲವರದ್ದು ತಪ್ಪಿಹೋಗುತ್ತದೆ.

ಇನ್ನು ತೂಕದ ಮಾತು. ಮನೆಯಲ್ಲಿ ಕಿವಿ ಮಂದವಾದ ಅಜ್ಜ ಇದ್ದಾನೆ ಅಂದುಕೋ. ಅವನನ್ನು ಊಟಕ್ಕೆ ಕರೆಯಲು ಅವ್ವ ಜೋರಾಗಿ ಕೂಗಬೇಕು. ಪಕ್ಕದಲ್ಲಿ ಕೂತ ಮೊಮ್ಮಗಳ ಕಿವಿ ಚುರುಕಾಗಿದೆ, ಆ ಕೂಗಿಗೆ ಅವಳು ಬೆಚ್ಚುತ್ತಾಳೆ. ಇನ್ಸುಲಿನ್ ಅಂದರೆ ಆ ಕೂಗು, ರಕ್ತದ ಸಕ್ಕರೆಯನ್ನು ಒಳಗೆ ತೆಗೆದುಕೊಳ್ಳಿ ಎಂದು ಹೇಳುವ ಹಾರ್ಮೋನು. ನೀವು ಪಿಸಿಒಡಿ ಅನ್ನುವುದನ್ನೇ ನಾವು ಡಾಕ್ಟರುಗಳು ಪಿಸಿಒಎಸ್ ಅನ್ನುತ್ತೇವೆ. ಪಿಸಿಒಎಸ್‌ನಲ್ಲಿ ಮಾಂಸಖಂಡ, ಲಿವರ್‌ಗಳ ಕಿವಿ ಮಂದ. ಅವಕ್ಕೆ ಕೇಳಿಸಲೆಂದು ದೇಹ ಇನ್ಸುಲಿನ್ ಜಾಸ್ತಿ ಸುರಿಸುತ್ತದೆ. ಅಂಡಾಶಯಕ್ಕೆ ಅದು ಚೆನ್ನಾಗಿಯೇ ಕೇಳಿಸುತ್ತದೆ, ಅದು ಗಂಡು ಹಾರ್ಮೋನನ್ನು ಜಾಸ್ತಿ ಮಾಡುತ್ತದೆ. ಆ ಹಾರ್ಮೋನನ್ನು ಕಟ್ಟಿಹಿಡಿಯುವ ಒಂದು ಪ್ರೋಟೀನ್ ಲಿವರ್‌ನಲ್ಲಿ ತಯಾರಾಗುತ್ತದೆ. ಇನ್ಸುಲಿನ್ ಹೆಚ್ಚಿದರೆ ಅದೂ ಕಡಿಮೆಯಾಗುತ್ತದೆ. ಆಗ ಗದ್ದದ ಮೇಲೆ ಕೂದಲು, ಮೊಡವೆ. ಅಂಡ ಬಲಿತು ಹೊರಬರದೆ ಮುಟ್ಟು ಮುಂದೆ ಹೋಗುತ್ತದೆ.

ಈ ಮಂದತನ ಬಹಳಷ್ಟು ಮನೆತನದಿಂದ ಬರುತ್ತದೆ. ಹೊಟ್ಟೆಯ ಸುತ್ತಲಿನ ಕೊಬ್ಬು ಅದನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಿನ್ನ ದೊಡ್ಡವ್ವನ ಮಗಳಿಗೆ ಕೊಬ್ಬಿಲ್ಲದೆಯೂ ಬಂದದ್ದು ಇದಕ್ಕೇ. 1935ರಲ್ಲಿ ಶಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ಡಾಕ್ಟರುಗಳು ಏಳು ಹೆಂಗಸರನ್ನು ನೋಡಿ ಈ ಕಾಯಿಲೆಯ ಬಗ್ಗೆ ಬರೆದರು. ಆ ಏಳು ಜನರಲ್ಲೂ ಕೆಲವರು ದಪ್ಪ ಇರಲಿಲ್ಲ. ನೀನು ತಿಂದು ತಿಂದು ತಂದುಕೊಂಡ ಕಾಯಿಲೆ ಇದಲ್ಲ. ಇದನ್ನು ಅವ್ವನಿಗೂ ಓದಿ ಹೇಳು.

ಹಾಗಂತ ತೂಕಕ್ಕೆ ಸಂಬಂಧವೇ ಇಲ್ಲ ಅಂತಲೂ ನಾನು ಹೇಳಲಾರೆ. ನಿನಗೆ ಇಳಿಸಿದರೆ ನಿಜಕ್ಕೂ ಉಪಯೋಗವಿದೆ. ಆದರೆ 15 ಕೆಜಿ ಅಲ್ಲ. ಇರುವ ತೂಕದಲ್ಲಿ ನೂರಕ್ಕೆ 5ರಿಂದ 10ರಷ್ಟು ಇಳಿದರೂ ಬಹಳ ಜನರಿಗೆ ಮುಟ್ಟು ಸರಿಹೋಗಲು ಶುರುವಾಗುತ್ತದೆ. ನಿನ್ನ ಲೆಕ್ಕದಲ್ಲಿ ಅದು ಸುಮಾರು ಮೂರೂವರೆಯಿಂದ ಏಳು ಕೆಜಿ. ಮೊದಲ ನಾಲ್ಕು ಕೆಜಿಗೆ ಆರು ತಿಂಗಳು ತೆಗೆದುಕೋ. ತಕ್ಕಡಿ ಅಲುಗದಿದ್ದ ವಾರ ಸಿಂಪಿಗನ ಟೇಪ್ ಹಿಡಿದು ಸೊಂಟ ನೋಡು. ನಮ್ಮ ಹೆಂಗಸರಿಗೆ ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಒಳಗಿದ್ದರೆ ಒಳ್ಳೆಯದು.

ರಾತ್ರಿ ಊಟ ಬಿಡಬೇಡ. ಊಟ ಬಿಟ್ಟವರು ಹತ್ತು ಗಂಟೆಗೆ ಡಬ್ಬಿ ತೆಗೆದು ಚೂಡಾ ತಿನ್ನುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಜೋಳದ ರೊಟ್ಟಿ ಬಿಟ್ಟು ದುಬಾರಿ ಓಟ್ಸ್ ತರಬೇಕಾಗಿಯೂ ಇಲ್ಲ. ಇದಕ್ಕೆ ಇಂಥದ್ದೇ ಡಯಟ್ ಮೇಲು ಎಂದು 2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಹೇಳುವುದಿಲ್ಲ. ಎರಡು ರೊಟ್ಟಿ, ತಟ್ಟೆ ತುಂಬ ಪುಂಡಿಪಲ್ಯವೋ ಮೆಂತ್ಯಪಲ್ಯವೋ, ಮಡಿಕೆಕಾಳು, ಮೊಸರು. ಅನ್ನ ಒಂದು ಸೌಟು ಸಾಕು. ನನ್ನ ಹತ್ತಿರ ಬರುವ ಹುಡುಗಿಯರಿಗೆ ಒಂದು ವಾರ ಚಹಾದ ಲೆಕ್ಕ ಬರೆಯಲು ಹೇಳುತ್ತೇನೆ. ಐದು ಚಹಾ, ಎರಡೆರಡು ಚಮಚ ಸಕ್ಕರೆ ಅಂದರೆ ದಿನಕ್ಕೆ ಸುಮಾರು 40 ಗ್ರಾಂ. ಮೊದಲು ಅದನ್ನು ಅರ್ಧ ಮಾಡು. ಸಂಜೆಯ ಗಿರ್ಮಿಟ್, ಮಿರ್ಚಿ ವಾರಕ್ಕೊಮ್ಮೆ ಇರಲಿ, ಬೇಜಾರಿಲ್ಲ.

ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಬೇಕು. ಹುಬ್ಬಳ್ಳಿ ಸ್ಟೇಶನ್ ಇಳಿದು ಹದಿನೈದು ನಿಮಿಷ, ಸಂಜೆ ವಾಪಸ್ ಹದಿನೈದು. ಐದು ದಿನಕ್ಕೆ ಲೆಕ್ಕ ಮುಗಿಯಿತು. ಭಾನುವಾರ ಮನಸ್ಸಾದರೆ ಭೀಷ್ಮ ಕೆರೆ ಕಡೆ ಹೋಗು. ವಾರದಲ್ಲಿ ಎರಡು ದಿನ ಬೈಠಕ್ ಹೊಡೆ, ತೂಕ ಎತ್ತು. ದುಡಿಯುವ ಮಾಂಸಖಂಡಕ್ಕೆ ಇನ್ಸುಲಿನ್ ಚೆನ್ನಾಗಿ ಕೇಳಿಸುತ್ತದೆ. ತಕ್ಕಡಿಯಲ್ಲಿ ಏನೂ ಇಳಿಯದಿದ್ದರೂ ಈ ಲಾಭ ಸಿಕ್ಕೇ ಸಿಗುತ್ತದೆ.

ಕುತ್ತಿಗೆಯ ಕಪ್ಪು ಕೊಳೆಯಲ್ಲ. ಇನ್ಸುಲಿನ್ ಜಾಸ್ತಿಯಾದ ಗುರುತು ಅದು, ತಿಕ್ಕಿದರೆ ಚರ್ಮ ಉರಿಯುತ್ತದೆ ಅಷ್ಟೇ. ಒಳಗೆ ಸರಿಹೋದ ಹಾಗೆ ನಿಧಾನಕ್ಕೆ ತಿಳಿಯಾಗುತ್ತದೆ.

ಮಕ್ಕಳಾಗುತ್ತವಾ ಅಂದೆಯಲ್ಲ, ಪಿಸಿಒಎಸ್ ಇರುವ ಹೆಚ್ಚಿನವರಿಗೆ ಆಗುತ್ತವೆ. ತಡವಾದರೆ ಅಂಡ ಬಿಡುಗಡೆಗೆ ಲೆಟ್ರೊಜೋಲ್ ಎಂಬ ಗುಳಿಗೆ ಇದೆ. ಗಂಡಿನ ಮನೆಯವರು ತೂಕದ ಬಗ್ಗೆ ಮಾತಾಡಿದರೆ ಅವರ ಮಾತಿಗೆ ಹೆದರಿ ಮತ್ತೆ ಉಪವಾಸಕ್ಕೆ ಇಳಿಯಬೇಡ.

ಪ್ರಶ್ನೆ: ನನಗೆ 27. ಎತ್ತರ 160 ಸೆಂಟಿಮೀಟರ್, ತೂಕ 46 ಕೆಜಿ. ಪಿಸಿಒಡಿ ಇದೆ ಎಂದು ತಿಳಿದ ಮೇಲೆ ಅನ್ನ, ರೊಟ್ಟಿ ಎರಡೂ ಬಿಟ್ಟಿದ್ದೇನೆ. ಮುಟ್ಟು ಈಗ ಪೂರ್ತಿ ನಿಂತಿದೆ. ಇನ್ನೆಷ್ಟು ಇಳಿಸಬೇಕು?
– ಓದುಗರು, ಹಾವೇರಿ

ಉತ್ತರ: ಒಂದು ಗ್ರಾಂ ಕೂಡ ಇಳಿಸಬೇಡಿ. ನಿಮ್ಮ ತೂಕ ಈಗಲೇ ಕಡಿಮೆ. ದೇಹಕ್ಕೆ ಊಟ ಸಾಲದಿದ್ದರೂ ಮುಟ್ಟು ನಿಲ್ಲುತ್ತದೆ. ಅಂಥವರ ಸ್ಕ್ಯಾನ್ ಕೆಲವೊಮ್ಮೆ ಪಿಸಿಒಡಿಯ ಹಾಗೆಯೇ ಕಾಣುತ್ತದೆ. ರೊಟ್ಟಿ ಇವತ್ತೇ ಶುರು ಮಾಡಿ. ಮೊದಲು ಗರ್ಭ ನಿಂತಿಲ್ಲ ಎಂದು ಖಚಿತ ಮಾಡಿಕೊಂಡು ಸ್ತ್ರೀರೋಗ ತಜ್ಞರಿಗೆ ತೋರಿಸಿ. ಊಟ ಬಿಟ್ಟ ವಿಷಯ ಅವರಿಗೆ ಬಾಯಿಬಿಟ್ಟು ಹೇಳಿ, ಹೇಳದಿದ್ದರೆ ಅವರಿಗೆ ಗೊತ್ತಾಗುವುದಿಲ್ಲ.

ಪ್ರಶ್ನೆ: ಮಗಳಿಗೆ 14. ದೊಡ್ಡವಳಾಗಿ ಒಂದೂವರೆ ವರ್ಷ. ಮುಟ್ಟು 40 ದಿನಕ್ಕೊಮ್ಮೆ ಬರುತ್ತದೆ. ಸ್ಕ್ಯಾನಿನಲ್ಲಿ ನೀರುಗುಳ್ಳೆ ಇವೆ ಅಂದರು. ಸ್ವಲ್ಪ ದುಂಡಗಿದ್ದಾಳೆ, ಡಯಟ್ ಮಾಡಿಸಲಾ?
– ಒಬ್ಬ ತಾಯಿ, ಧಾರವಾಡ

ಉತ್ತರ: ಈ ವಯಸ್ಸಿನಲ್ಲಿ 21ರಿಂದ 45 ದಿನದೊಳಗೆ ಬಂದರೆ ಸರಿಯಾಗಿಯೇ ಇದೆ. ಅವು ನಿಜವಾದ ಗುಳ್ಳೆಗಳೂ ಅಲ್ಲ, ಇನ್ನೂ ಬಲಿಯದ ಅಂಡದ ಚೀಲಗಳು. ಈ ವಯಸ್ಸಿನ ಬಹಳ ಹುಡುಗಿಯರಲ್ಲಿ ಹಾಗೇ ಕಾಣುತ್ತವೆ. ಮೊದಲ ಮುಟ್ಟಿನಿಂದ ಎಂಟು ವರ್ಷ ಆಗುವವರೆಗೆ ಸ್ಕ್ಯಾನ್ ನೋಡಿ ಪಿಸಿಒಎಸ್ ಅನ್ನಬಾರದು ಎಂಬ ನಿಯಮವಿದೆ. ಕ್ಯಾಲೆಂಡರಿನಲ್ಲಿ ಡೇಟ್ ಗುರುತು ಹಾಕಲಿ. 90 ದಿನ ದಾಟಿದರೆ, ಇಲ್ಲವೇ ಮುಖದ ಮೇಲೆ ದಪ್ಪ ಕೂದಲು ಬಂದರೆ ಕರೆದುಕೊಂಡು ಬನ್ನಿ. ಡಯಟ್ ಸದ್ಯ ಬೇಡ. ಸಂಜೆ ಆಡಲು ಹೊರಗೆ ಬಿಡಿ, ಮನೆಯಲ್ಲಿ ಯಾರೂ ಅವಳನ್ನು ‘ಡುಮ್ಮಿ’ ಅನ್ನದ ಹಾಗೆ ನೋಡಿಕೊಳ್ಳಿ.