ಸ್ವಿಚ್‌ಗಳನ್ನು ಸ್ಕ್ರಿಪ್ಟ್‌ಗೆ ಒಪ್ಪಿಸುವ ಮುನ್ನ

ಪ್ರಶ್ನೆ: ಮಂಡ್ಯದ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತಿದ್ದೇನೆ. ತರಗತಿ ಕಟ್ಟಡಗಳು, ಗ್ರಂಥಾಲಯ, ಹಾಸ್ಟೆಲ್‌ಗಳೆಲ್ಲ ಸೇರಿ ಸುಮಾರು ನಲವತ್ತು ಸಿಸ್ಕೊ ಸ್ವಿಚ್‌ಗಳೂ ಕೆಲವು ಮೈಕ್ರೊಟಿಕ್ ರೂಟರ್‌ಗಳೂ ಇವೆ. ಹೊಸ ವಿಲ್ಯಾನ್ (ಜಾಲದೊಳಗಿನ ಪ್ರತ್ಯೇಕ ಉಪಜಾಲ) ಒಂದನ್ನು ಸೇರಿಸಬೇಕಾದರೆ ದೂರದಿಂದ ಲಾಗಿನ್ ಆಗುವ ಪುಟ್ಟಿ ತಂತ್ರಾಂಶ ತೆರೆದು ಒಂದೊಂದಕ್ಕೂ ಲಾಗಿನ್ ಆಗಿ ಅದೇ ಸಾಲುಗಳನ್ನು ಅಂಟಿಸುತ್ತಾ ಕೂರುವುದು ಸಾಕಾಗಿದೆ. ಓದುವಾಗ ಕಲಿತ ಸ್ವಲ್ಪ ಸಿ ಭಾಷೆ ಬಿಟ್ಟರೆ ಪ್ರೋಗ್ರಾಮಿಂಗ್ ಗೊತ್ತಿಲ್ಲ. ಪೈಥಾನ್ ಭಾಷೆ ಕಲಿಯಲೇ, ಹಲವು ಸಾಧನಗಳಿಗೆ ಒಟ್ಟಿಗೆ ಸೆಟ್ಟಿಂಗ್ ಕೊಡುವ ಆನ್ಸಿಬಲ್ ಕಲಿಯಲೇ?

ಉತ್ತರ: ಕ್ರಮೇಣ ಎರಡೂ ಬೇಕಾಗುತ್ತವೆ. ಆದರೆ ಯಾವುದನ್ನು ಮೊದಲು ಕಲಿಯಬೇಕು ಎಂಬುದಕ್ಕಿಂತ ನಿಮ್ಮ ಮೊದಲ ಸ್ಕ್ರಿಪ್ಟ್ ಏನು ಮಾಡಬೇಕು ಎಂಬುದು ದೊಡ್ಡ ಪ್ರಶ್ನೆ. ಮೊದಲ ಎರಡು ಮೂರು ತಿಂಗಳು ನಿಮ್ಮ ಸ್ಕ್ರಿಪ್ಟ್ ಸ್ವಿಚ್‌ಗಳಲ್ಲಿರುವುದನ್ನು ಓದಿಕೊಂಡು ಬರಬೇಕೇ ಹೊರತು ಅವುಗಳಲ್ಲಿ ಒಂದು ಸಾಲನ್ನೂ ಬದಲಿಸಕೂಡದು ಎಂಬುದು ನನ್ನ ಖಚಿತ ಅಭಿಪ್ರಾಯ. ನಲವತ್ತು ಸ್ವಿಚ್‌ಗಳಲ್ಲಿ ಈಗ ನಿಜವಾಗಿ ಏನಿದೆ ಎಂಬುದು ಬಹುಪಾಲು ಕಾಲೇಜುಗಳಲ್ಲಿ ಯಾರಿಗೂ ಪೂರ್ತಿ ತಿಳಿದಿರುವುದಿಲ್ಲ. ಒಂದಿಷ್ಟು ಹಳೆಯ ಎಕ್ಸೆಲ್ ಹಾಳೆಯಲ್ಲಿ, ಒಂದಿಷ್ಟು ಕೆಲಸ ಬಿಟ್ಟುಹೋದವರ ನೆನಪಿನಲ್ಲಿ ಇರುತ್ತದೆ. ತಿಳಿಯದ ಸ್ಥಿತಿಯ ಮೇಲೆ ಸ್ಕ್ರಿಪ್ಟ್ ಓಡಿಸಿದರೆ ಗೊಂದಲ ವೇಗವಾಗಿ ಹರಡುತ್ತದೆ, ಅಷ್ಟೆ.

ಓದುವ ಕೆಲಸಕ್ಕೆ ಪೈಥಾನ್‌ನ ನೆಟ್‌ಮಿಕೊ ಲೈಬ್ರರಿ ಸಾಕು. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ದೂರ-ಲಾಗಿನ್ ವಿಧಾನದ ಮೂಲಕ ಸಾಧನಕ್ಕೆ ಲಾಗಿನ್ ಆಗಿ, ನೀವು ಕೈಯಿಂದ ಕೊಡುವ ಕಮಾಂಡನ್ನೇ ಕೊಟ್ಟು, ಬಂದ ಉತ್ತರವನ್ನು ಪಠ್ಯವಾಗಿ ಹಿಂತಿರುಗಿಸುವುದು ಅದರ ಕೆಲಸ. ಸಿಸ್ಕೊ, ಮೈಕ್ರೊಟಿಕ್ ಎರಡಕ್ಕೂ ಅದರಲ್ಲಿ ಬೆಂಬಲವಿದೆ. ಸಾಧನಗಳ ಹೆಸರು, ಐಪಿ ವಿಳಾಸ, ಮಾದರಿ, ಯಾವ ಕಟ್ಟಡದ ಎಷ್ಟನೇ ಮಹಡಿ ಎಂಬುದನ್ನು ಒಂದು ಫೈಲಿನಲ್ಲಿ ಬರೆದು, ಪ್ರತಿ ರಾತ್ರಿ ಎಲ್ಲದರ ಕಾನ್ಫಿಗರೇಷನ್ (ಸೆಟ್ಟಿಂಗ್‌ಗಳ ಪಠ್ಯ) ತೆಗೆದು, ಫೈಲುಗಳ ಬದಲಾವಣೆಯ ದಾಖಲೆ ಇಡುವ ಗಿಟ್‌ನಲ್ಲಿ ಸೇರಿಸುವ ಸ್ಕ್ರಿಪ್ಟ್ ಬರೆಯಿರಿ. ಪೈಥಾನ್‌ನ ಲಿಸ್ಟ್, ಡಿಕ್ಷನರಿ, ಫಾರ್ ಲೂಪ್, ಫೈಲ್ ಓದು-ಬರಹ ಮತ್ತು ಎಕ್ಸೆಪ್ಷನ್ ನಿರ್ವಹಣೆ ಇಷ್ಟನ್ನು ಕಲಿತರೆ ಇದು ಸಾಧ್ಯ. ಎಕ್ಸೆಪ್ಷನ್ ಅನ್ನು ಮಾತ್ರ ಮುಂದಕ್ಕೆ ತಳ್ಳಬೇಡಿ. ಹಾಸ್ಟೆಲಿನ ಒಂದು ಸ್ವಿಚ್‌ಗೆ ಕರೆಂಟ್ ಇಲ್ಲವೆಂದು ಉಳಿದವುಗಳ ಬ್ಯಾಕಪ್ಪೂ ನಿಂತುಹೋಗಬಾರದು.

ಇಲ್ಲಿ ಸಣ್ಣ ಕಿರಿಕಿರಿಗಳು ಎದುರಾಗುತ್ತವೆ. ಮೈಕ್ರೊಟಿಕ್‌ನ ಎಕ್ಸ್‌ಪೋರ್ಟ್ ಕಮಾಂಡ್ ಮೊದಲ ಸಾಲಿನಲ್ಲಿ ದಿನಾಂಕ, ಸಮಯ ಮುದ್ರಿಸುವುದರಿಂದ ಏನೂ ಬದಲಾಗದಿದ್ದರೂ ಗಿಟ್ ಪ್ರತಿ ರಾತ್ರಿ ಬದಲಾವಣೆ ತೋರಿಸುತ್ತದೆ. ಹಳೆಯ ಸಿಸ್ಕೊ ಸ್ವಿಚ್‌ಗಳಲ್ಲಿ ‘ಎನ್‌ಟಿಪಿ ಕ್ಲಾಕ್-ಪೀರಿಯಡ್’ ಎಂಬ ಸಾಲು ತಾನಾಗಿಯೇ ಬದಲಾಗುತ್ತಿರುತ್ತದೆ. ಇಂಥ ಸಾಲುಗಳನ್ನು ಉಳಿಸುವ ಮುನ್ನವೇ ಸೋಸಿಬಿಡಿ. ಇಲ್ಲವಾದರೆ ಎರಡೇ ವಾರಗಳಲ್ಲಿ ಆ ವರದಿಯನ್ನು ನೋಡುವುದನ್ನೇ ನೀವು ಬಿಟ್ಟುಬಿಡುತ್ತೀರಿ. ಇನ್ನು ತೀರ ಹಳೆಯ ಸ್ವಿಚ್‌ಗಳ ಎಸ್‌ಎಸ್‌ಎಚ್ ವಿಧಾನಗಳನ್ನು ಈಗಿನ ಲಿನಕ್ಸ್ ಅಸುರಕ್ಷಿತವೆಂದು ನಿರಾಕರಿಸಬಹುದು. ಗೂಢಲಿಪೀಕರಣವಿಲ್ಲದ ಹಳೆಯ ಟೆಲ್ನೆಟ್ ವಿಧಾನ ಬಳಸೋಣವೆಂದರೆ, ಹಳೆಯ ಪಾಠಗಳು ಹೇಳಿಕೊಡುವ ಟೆಲ್ನೆಟ್‌ಲಿಬ್ ಲೈಬ್ರರಿ ಪೈಥಾನ್ 3.13ರಿಂದ ಇಲ್ಲವಾಗಿದೆ. ಯಾವ ಸ್ವಿಚ್‌ಗಳು ಹೀಗೆ ಹಟ ಹಿಡಿಯುತ್ತವೆ ಎಂಬ ಪಟ್ಟಿ ಮುಂದಿನ ಖರೀದಿಯ ಟಿಪ್ಪಣಿ ಬರೆಯುವಾಗ ಉಪಯೋಗಕ್ಕೆ ಬರುತ್ತದೆ.

ಓದುವ ಸ್ಕ್ರಿಪ್ಟ್‌ನಿಂದ ಮೊದಲ ವಾರವೇ ಸಿಗುವ ಲಾಭವೊಂದಿದೆ. ಸಿಸ್ಕೊ ಸ್ವಿಚ್‌ನಲ್ಲಿ ಈಗ ಚಾಲ್ತಿಯಲ್ಲಿರುವ ರನ್ನಿಂಗ್ ಕಾನ್ಫಿಗ್ ಬೇರೆ, ಮರುಪ್ರಾರಂಭವಾದಾಗ ಓದಿಕೊಳ್ಳುವ ಸ್ಟಾರ್ಟಪ್ ಕಾನ್ಫಿಗ್ ಬೇರೆ. ಯಾರೋ ಬದಲಾವಣೆ ಮಾಡಿ ಉಳಿಸದೇ ಹೋಗಿದ್ದರೆ ಎಲ್ಲವೂ ಸರಿಯಾಗಿಯೇ ನಡೆಯುತ್ತಿರುತ್ತದೆ. ಬೇಸಿಗೆಯಲ್ಲೊಂದು ದಿನ ಕರೆಂಟ್ ಹೋಗಿ, ಯುಪಿಎಸ್ ಕೂಡ ಕೈಕೊಟ್ಟು, ಸ್ವಿಚ್ ಮತ್ತೆ ಎದ್ದಾಗ ಪರೀಕ್ಷಾ ವಿಭಾಗದ ಪೋರ್ಟುಗಳು ಹಳೆಯ ವಿಲ್ಯಾನ್‌ಗೆ ಮರಳಿರುತ್ತವೆ, ಕಾರಣ ಯಾರಿಗೂ ಹೊಳೆಯುವುದಿಲ್ಲ. ಎರಡೂ ಕಾನ್ಫಿಗ್‌ಗಳನ್ನು ತೆಗೆದು ಪೈಥಾನ್‌ನ ಡಿಫ್‌ಲಿಬ್‌ನಿಂದ ಹೋಲಿಸಿ, ವ್ಯತ್ಯಾಸವಿರುವ ಸ್ವಿಚ್‌ಗಳ ಹೆಸರನ್ನಷ್ಟೇ ಮುದ್ರಿಸಿ.

ಅನಂತರ ಆನ್ಸಿಬಲ್‌ಗೆ ಬನ್ನಿ. 2012ರಲ್ಲಿ ಮೈಕಲ್ ಡಿಹಾನ್ ಆರಂಭಿಸಿದ, 2015ರಲ್ಲಿ ರೆಡ್ ಹ್ಯಾಟ್ ಕೊಂಡುಕೊಂಡ ಈ ಸಾಧನಕ್ಕೆ ಸ್ವಿಚ್‌ನಲ್ಲಿ ಯಾವ ತಂತ್ರಾಂಶವನ್ನೂ ಹಾಕಬೇಕಾಗಿಲ್ಲ, ಎಸ್‌ಎಸ್‌ಎಚ್ ಸಾಕು. ಅದನ್ನು ನಡೆಸುವ ಯಂತ್ರದಲ್ಲಿ ಮಾತ್ರ ಲಿನಕ್ಸ್ ಅಥವಾ ಮ್ಯಾಕ್‌ಓಎಸ್ ಇರಬೇಕು. ವಿಂಡೋಸ್ ಇದ್ದರೆ ಅದರೊಳಗಿನ ಡಬ್ಲ್ಯುಎಸ್‌ಎಲ್ ಎಂಬ ಲಿನಕ್ಸ್ ಪರಿಸರದಲ್ಲಿ ನಡೆಸಬಹುದು. ಪೈಥಾನ್ ಸ್ಕ್ರಿಪ್ಟ್‌ನಲ್ಲಿ ನೀವು ಮಾಡಬೇಕಾದ ಹೆಜ್ಜೆಗಳನ್ನು ಬರೆಯುತ್ತೀರಿ, ಆನ್ಸಿಬಲ್‌ನಲ್ಲಿ ಹೆಚ್ಚಾಗಿ ಕೊನೆಗೆ ಸಾಧನ ಯಾವ ಸ್ಥಿತಿಯಲ್ಲಿರಬೇಕೆಂದು ಬರೆಯುತ್ತೀರಿ. ಸ್ಥಿತಿ ಈಗಾಗಲೇ ಹಾಗಿದ್ದರೆ ಅದು ಏನನ್ನೂ ಮುಟ್ಟುವುದಿಲ್ಲ. ಪ್ಲೇಬುಕ್ (ಆನ್ಸಿಬಲ್‌ಗೆ ಕೊಡುವ ಸೂಚನೆಗಳು) ಬರೆಯುವ ಯಾಮಲ್ ಫೈಲಿನಲ್ಲಿ ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ ಬಳಸಿ. ಆರಂಭಿಕರ ಅರ್ಧ ದಿನವನ್ನು ಇದೊಂದೇ ತಿಂದುಹಾಕುತ್ತದೆ.

ಈಗ ನೀವು ಕೇಳಿದ ವಿಲ್ಯಾನ್ ವಿಷಯ. ಹಲವು ವಿಲ್ಯಾನ್‌ಗಳನ್ನು ಒಟ್ಟಿಗೆ ಸಾಗಿಸುವ ಟ್ರಂಕ್ ಪೋರ್ಟಿನಲ್ಲಿ ವಿಲ್ಯಾನ್ 30ನ್ನು ಸೇರಿಸುವಾಗ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೌಡ್ ವಿಲ್ಯಾನ್ ಆ್ಯಡ್ 30’ ಎಂದು ಬರೆಯಬೇಕು. ‘ಆ್ಯಡ್’ ಎಂಬುದು ಬಿಟ್ಟುಹೋದರೆ ಸ್ವಿಚ್ ದೂರುವುದಿಲ್ಲ, ಹಳೆಯ ಪಟ್ಟಿಯನ್ನೆಲ್ಲ ಅಳಿಸಿ 30 ಒಂದನ್ನೇ ಉಳಿಸಿಕೊಳ್ಳುತ್ತದೆ. ನೀವು ಲಾಗಿನ್ ಆಗಿ ಬಂದ ಮ್ಯಾನೇಜ್‌ಮೆಂಟ್ ವಿಲ್ಯಾನ್ ಕೂಡ ಆ ಕ್ಷಣವೇ ಕಡಿದುಹೋಗುತ್ತದೆ. ಕೈಯಿಂದ ಮಾಡುವಾಗ ಮೊದಲ ಸ್ವಿಚ್‌ನಲ್ಲೇ ಪರದೆ ಸ್ತಬ್ಧವಾಗಿ ನಿಮಗೆ ಗೊತ್ತಾಗುತ್ತದೆ. ಆನ್ಸಿಬಲ್ ಸಹಜವಾಗಿ ಐದೈದು ಸಾಧನಗಳನ್ನು ಏಕಕಾಲಕ್ಕೆ ಹಿಡಿಯುವುದರಿಂದ ನೀವು ಕಣ್ಣು ಮಿಟುಕಿಸುವಷ್ಟರಲ್ಲಿ ಹಾನಿ ಹಲವು ಕಟ್ಟಡಗಳಿಗೆ ಹರಡಿರುತ್ತದೆ.

ಆದ್ದರಿಂದ ಮೊದಲು ‘ಚೆಕ್’ ಮತ್ತು ‘ಡಿಫ್’ ಆಯ್ಕೆಗಳೊಡನೆ ನಡೆಸಿ, ಸ್ವಿಚ್‌ಗೆ ಯಾವ ಸಾಲುಗಳು ಹೋಗಲಿವೆ ಎಂಬುದನ್ನು ಕಣ್ಣಾರೆ ನೋಡಿ. ಪ್ಲೇಬುಕ್‌ನಲ್ಲಿ ‘ಸೀರಿಯಲ್’ ಮೌಲ್ಯವನ್ನು 1ಕ್ಕೆ ಇಡಿ, ಆಗ ಅದು ಒಮ್ಮೆಗೆ ಒಂದೇ ಸ್ವಿಚ್ಚನ್ನು ಹಿಡಿಯುತ್ತದೆ. ಜೊತೆಗೆ, ಒಂದು ಸ್ವಿಚ್ ವಿಫಲವಾದೊಡನೆ ಉಳಿದವುಗಳಿಗೆ ಹೋಗದೆ ನಿಲ್ಲುವಂತೆ ಮಾಡಿ. ಕಟ್ಟಕಡೆಯ ಸ್ವಿಚ್‌ಗಳನ್ನು ಮೊದಲು, ಉಳಿದವನ್ನೆಲ್ಲ ಜೋಡಿಸುವ ಕೋರ್ ಸ್ವಿಚ್ಚನ್ನು ಕೊನೆಗೆ ಮುಟ್ಟಿ. ಸಿಸ್ಕೊದಲ್ಲಿ ಬದಲಾವಣೆಗೆ ಮುನ್ನ ‘ರೀಲೋಡ್ ಇನ್ 10’ ಕೊಟ್ಟರೆ, ಸಂಪರ್ಕ ಕಡಿದುಹೋದರೂ ಹತ್ತು ನಿಮಿಷದಲ್ಲಿ ಸ್ವಿಚ್ ಹಳೆಯ ಕಾನ್ಫಿಗ್‌ನೊಂದಿಗೆ ಮರಳಿ ಏಳುತ್ತದೆ. ಆದರೆ ಪರೀಕ್ಷಿಸುವ ಮೊದಲೇ ಸ್ಕ್ರಿಪ್ಟ್ ಉಳಿಸಿಬಿಟ್ಟಿದ್ದರೆ ಇದರಿಂದ ಪ್ರಯೋಜನವಿಲ್ಲ, ಎಲ್ಲ ಸರಿಯಿದ್ದಾಗ ‘ರೀಲೋಡ್ ಕ್ಯಾನ್ಸಲ್’ ಕೊಡುವುದನ್ನೂ ಮರೆಯಕೂಡದು. ಕೈಯಿಂದ ಕೆಲಸ ಮಾಡುವಾಗ ಮೈಕ್ರೊಟಿಕ್‌ನ ಸೇಫ್ ಮೋಡ್ ಇದೇ ರಕ್ಷಣೆ ಕೊಡುತ್ತದೆ. ಇದು ಅತಿಯಾದ ಎಚ್ಚರಿಕೆ ಎನಿಸಿದರೆ 2021ರ ಅಕ್ಟೋಬರ್ 4ನ್ನು ನೆನೆಯಿರಿ. ಅಂದು ಫೇಸ್‌ಬುಕ್, ವಾಟ್ಸಾಪ್ ಸುಮಾರು ಆರು ಗಂಟೆ ನಿಂತಿದ್ದವು. ನಿರ್ವಹಣೆಯ ವೇಳೆ ಕೊಟ್ಟ ಕಮಾಂಡ್ ಒಂದು ಅವರ ಮುಖ್ಯ ಜಾಲವನ್ನೇ ಕಡಿದುಹಾಕಿತೆಂದೂ ಅಂಥ ಕಮಾಂಡನ್ನು ತಡೆಯಬೇಕಿದ್ದ ಪರಿಶೀಲನಾ ವ್ಯವಸ್ಥೆಯಲ್ಲಿಯೇ ದೋಷವಿತ್ತೆಂದೂ ಆ ಸಂಸ್ಥೆಯೇ ವಿವರಣೆ ನೀಡಿತು.

ಪ್ರಶ್ನೆ: ಮೈಸೂರಿನಲ್ಲಿ ಡಿಪ್ಲೊಮಾ ಅಂತಿಮ ವರ್ಷದಲ್ಲಿದ್ದೇನೆ. ಅಭ್ಯಾಸ ಮಾಡಲು ಸ್ವಿಚ್ ಇಲ್ಲ, ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇದೆ. ಆಟೊಮೇಷನ್ ಕಲಿತರೆ ಸಿಸ್ಕೊದ ಸಿಸಿಎನ್‌ಎ ಪ್ರಮಾಣಪತ್ರ ಬೇಡವೇ?

ಉತ್ತರ: ಬೇಕು. ವಿಲ್ಯಾನ್, ಸಬ್‌ನೆಟ್, ಓಎಸ್‌ಪಿಎಫ್‌ನಂಥ ನೆಟ್‌ವರ್ಕ್ ಪಾಠಗಳು ತಿಳಿಯದವರು ಬರೆದ ಸ್ಕ್ರಿಪ್ಟ್‌ನಲ್ಲಿ ತಪ್ಪು ಎಲ್ಲಿದೆಯೆಂದು ಅವರಿಗೇ ಕಾಣುವುದಿಲ್ಲ. ಸಿಸಿಎನ್‌ಎ 200-301 ಪರೀಕ್ಷೆಯಲ್ಲಿಯೇ ಶೇ 10ರಷ್ಟು ಭಾಗ ಆಟೊಮೇಷನ್‌ಗೆ ಮೀಸಲಾಗಿದೆ. ಅಭ್ಯಾಸಕ್ಕೆ ಸ್ವಿಚ್ ಕೊಳ್ಳುವ ಅಗತ್ಯವಿಲ್ಲ. ಕಂಟೇನರ್‌ಲ್ಯಾಬ್ ಎಂಬ ಉಚಿತ ಸಾಧನದಲ್ಲಿ ಎಫ್‌ಆರ್‌ಆರ್ ಎಂಬ ತಂತ್ರಾಂಶ ರೂಟರ್‌ಗಳನ್ನು ನಡೆಸಿದರೆ ನಿಮ್ಮ ಲ್ಯಾಪ್‌ಟಾಪ್ ತಡೆದುಕೊಳ್ಳುತ್ತದೆ. ಸಿಸ್ಕೊದ್ದೇ ಬೇಕೆಂದರೆ ಅದರ ಮಾಡೆಲಿಂಗ್ ಲ್ಯಾಬ್ಸ್‌ನ ಉಚಿತ ಆವೃತ್ತಿಯಲ್ಲಿ ಐದು ನೋಡ್‌ಗಳವರೆಗೆ (ಕೃತಕ ಸಾಧನಗಳವರೆಗೆ) ಅವಕಾಶವಿದೆಯಾದರೂ 8 ಜಿಬಿಯಲ್ಲಿ ಅದು ಏದುಸಿರು ಬಿಡುತ್ತದೆ. ಕೋಚಿಂಗ್ ಶುಲ್ಕಕ್ಕೆ ಇಟ್ಟ ಹಣದಲ್ಲಿ ಮೊದಲು ಇನ್ನೊಂದು 8 ಜಿಬಿ ರ‍್ಯಾಮ್ ಹಾಕಿಸಿಕೊಳ್ಳಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಪ್ರಶ್ನೆ: ಪ್ಲೇಬುಕ್‌ಗಳನ್ನು ಗಿಟ್‌ಹಬ್‌ನಲ್ಲಿ ಇಡಬಹುದೇ? ಸ್ವಿಚ್‌ಗಳ ಪಾಸ್‌ವರ್ಡ್ ಅದರೊಳಗೇ ಇದೆ.

ಉತ್ತರ: ಈಗಿರುವಂತೆಯೇ ಖಂಡಿತ ಇಡಬೇಡಿ. ಪಾಸ್‌ವರ್ಡ್‌ಗಳನ್ನು ಬೇರೆ ಫೈಲಿಗೆ ತೆಗೆದು ಆನ್ಸಿಬಲ್ ವಾಲ್ಟ್‌ನಿಂದ ಗೂಢಲಿಪೀಕರಿಸಿ, ರೆಪಾಸಿಟರಿಯನ್ನು (ಅಲ್ಲಿನ ಫೈಲ್ ಸಂಗ್ರಹವನ್ನು) ಖಾಸಗಿಯಾಗಿಡಿ. ಈಗಾಗಲೇ ಒಮ್ಮೆ ಅಲ್ಲಿಗೆ ಏರಿಸಿದ್ದರೆ ಆ ಸಾಲನ್ನು ಅಳಿಸಿದರೂ ಗಿಟ್‌ನ ಇತಿಹಾಸದಲ್ಲಿ ಉಳಿದೇ ಇರುತ್ತದೆ. ಹಾಗಾಗಿ ಸ್ವಿಚ್‌ಗಳ ಪಾಸ್‌ವರ್ಡನ್ನೇ ಇಂದೇ ಬದಲಿಸಿ. ಬ್ಯಾಕಪ್ ತೆಗೆದ ಕಾನ್ಫಿಗ್ ಫೈಲುಗಳಿಗೂ ಇದೇ ಎಚ್ಚರ ಬೇಕು: ಸಿಸ್ಕೊದಲ್ಲಿ ಟೈಪ್ 7 ಎಂದು ಕಾಣುವ ಪಾಸ್‌ವರ್ಡನ್ನು ಯಾರು ಬೇಕಾದರೂ ಕ್ಷಣದಲ್ಲಿ ಮೂಲರೂಪಕ್ಕೆ ತರಬಹುದು.